ಉಲೂಖಲಸಂಧಿ: ದ್ರವ್ಯವೂ ಶಸ್ತ್ರಮಾರ್ಗವೂ

ಸುಶ್ರುತಸಂಹಿತೆಯ ಶಾರೀರಸ್ಥಾನವು ಸಂಧಿಗಳನ್ನು ಎಂಟು ಬಗೆಯಾಗಿ ವಿಂಗಡಿಸಿ, ವಂಕ್ಷಣಸಂಧಿಯನ್ನು, ಎಂದರೆ ಸೊಂಟದ ಕೀಲನ್ನು, ಉಲೂಖಲವರ್ಗದಲ್ಲಿ ಸೇರಿಸಿದೆ. ಉಲೂಖಲವೆಂದರೆ ಒರಳು, ತೊಡೆಯೆಲುಬಿನ ಗುಂಡು ಅದರಲ್ಲಿ ಹೊರಳುವುದು. ಈ ಕೀಲು ಕೆಟ್ಟಾಗ ಕೃತಕವಾದುದನ್ನು ಯಾವ ದ್ರವ್ಯದಿಂದ ಮಾಡಬೇಕೆಂಬುದು ಮೊದಲ ಪ್ರಶ್ನೆ.

ಇಂಗ್ಲೆಂಡಿನ ಜಾನ್ ಚಾರ್ನ್ಲಿಯವರು ಮೊದಲು ಅತ್ಯಂತ ನುಣುಪಾದ ಟೆಫ್ಲಾನಿನಿಂದ ಒರಳನ್ನು ಮಾಡಿದರು. ಅದು ಕೆಲವೇ ವರ್ಷಗಳಲ್ಲಿ ಸವೆದು, ಅದರ ಪುಡಿಯಿಂದ ಸುತ್ತಣ ಎಲುಬೂ ಕೆಟ್ಟಿತು. ಅನೇಕ ರೋಗಿಗಳು ಮರಳಿ ಶಸ್ತ್ರಕ್ಕೆ ಮೈಯೊಡ್ಡಬೇಕಾಯಿತು. 1962ರಲ್ಲಿ ಅವರು ಪಾಲಿಎಥಿಲೀನನ್ನು ಆರಿಸಿಕೊಂಡರು. ಅದಕ್ಕೆ ಟೆಫ್ಲಾನಿನಷ್ಟು ನುಣುಪಿಲ್ಲ. ಆದರೆ ಸವೆತವು ಬಹಳ ಕಡಮೆ. ನುಣುಪು ಬೇರೆ, ಬಾಳಿಕೆ ಬೇರೆಯೆಂಬುದು ಇದರಿಂದ ಸಿದ್ಧವಾಯಿತು.

ಎರಡನೆಯದು ಶಸ್ತ್ರಮಾರ್ಗ. ಹಿಂಬದಿಯಿಂದ ಹೊಕ್ಕರೆ ನಡೆಯುವಾಗ ಸೊಂಟವನ್ನು ಎತ್ತಿಹಿಡಿಯುವ ಮಾಂಸಪೇಶಿಗಳು ಉಳಿಯುವುವು. ಗುಂಡು ಜಾರುವ ಭಯವು ಮಾತ್ರ ತುಸು ಹೆಚ್ಚು. ಪಾರ್ಶ್ವದಿಂದ ಹೊಕ್ಕರೆ ಆ ಭಯವು ಕಡಮೆ, ಕುಂಟುವ ಸಂಭವವು ಹೆಚ್ಚು. ಆದುದರಿಂದ ಸರ್ವರಿಗೂ ಒಂದೇ ವಿಧಿಯೆನ್ನಲಾಗದು. ರೋಗಿಯ ವಯಸ್ಸು, ಎಲುಬಿನ ಬಲ, ಶಸ್ತ್ರವೈದ್ಯನ ಅಭ್ಯಾಸ, ಈ ಮೂರನ್ನೂ ತೂಗಿ ನಿರ್ಣಯಿಸತಕ್ಕದ್ದು.