ಮೈನಸ್ ಒಂದರ ಮಹಿಮೆ

ಭದ್ರಾವತಿಯ ದ್ವಿತೀಯ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಾಳೆ: ‘ಮಾತೃಕೆಗಳ ಗುಣಾಕಾರದಲ್ಲಿ ಅಡ್ಡಸಾಲನ್ನು ಕಂಬಸಾಲಿನಿಂದ ಗುಣಿಸಿ ಕೂಡುತ್ತೇವೆ. ಅಂಕ ಬರುತ್ತದೆ, ಸರಿ. ಬೇರೇನು ಬರುತ್ತದೆ?’

ಕ್ವಾಂಟಮ್ ಕಂಪ್ಯೂಟರ್ ಬರುತ್ತದೆ! ಶಿವಮೊಗ್ಗದಲ್ಲೋ ಇನ್ನೆಲ್ಲೋ ಎಂಜಿನಿಯರಿಂಗ್ ಸೇರಿದರೆ ಇವೇ ಮಾತೃಕೆಗಳು ಅವಳಿಗೆ ಮತ್ತೆ ಎದುರಾಗಬಹುದು. ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ತನ್ನ 2022ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್‌ನ ಮೊದಲ ವರ್ಷದ ಭೌತಶಾಸ್ತ್ರಕ್ಕೇ ಕ್ವಾಂಟಮ್ ಕಂಪ್ಯೂಟಿಂಗ್ ಸೇರಿಸಿತು.

ಒಂದು ಕ್ಯೂಬಿಟ್ ಎಂದರೆ ಎರಡು ಸಂಖ್ಯೆಗಳ ಕಂಬಸಾಲು. ಮೇಲೆ 1, ಕೆಳಗೆ 0 ಇದ್ದರೆ ಅದು ‘ಸೊನ್ನೆ’, ತಿರುಗಿಸಿದರೆ ‘ಒಂದು’. ಗೇಟ್ ಎಂದರೆ ಎರಡು ಸಾಲು, ಎರಡು ಕಂಬದ ಮಾತೃಕೆ. ಗುಣಿಸಿದರೆ ಹೊಸ ಕಂಬಸಾಲು. ಅದರ ಸಂಖ್ಯೆಗಳ ವರ್ಗವೇ ಅಳೆದಾಗ ಸೊನ್ನೆಯೋ ಒಂದೋ ಸಿಗುವ ಸಂಭವ.

ಇವುಗಳಲ್ಲಿ ನನಗೆ ಅಚ್ಚುಮೆಚ್ಚಿನದು ಹಡಮಾರ್ಡ್ ಗೇಟ್. ಮೊದಲ ಸಾಲು 1, 1. ಎರಡನೆಯದು 1, −1. ಎಲ್ಲವನ್ನೂ √2ರಿಂದ ಭಾಗಿಸಬೇಕು. ಸೊನ್ನೆಯನ್ನು ಇದಕ್ಕೆ ಕೊಟ್ಟರೆ ಮೇಲೂ ಕೆಳಗೂ 1/√2 ಬರುತ್ತದೆ. ಈಗ ಅಳೆದರೆ ನಾಣ್ಯ ಚಿಮ್ಮಿದ ಹಾಗೆ, ಅರ್ಧಕ್ಕರ್ಧ ಸಂಭವ. ಅಳೆಯದೆ ಅದೇ ಗೇಟಿನಲ್ಲಿ ಇನ್ನೊಮ್ಮೆ ಹಾಯಿಸಿ. ಮೇಲೆ ಅರ್ಧಕ್ಕೆ ಅರ್ಧ ಕೂಡಿ 1. ಕೆಳಗೆ ಅರ್ಧದಲ್ಲಿ ಅರ್ಧ ಕಳೆದು 0. ಹೊರಟ ಸೊನ್ನೆಯೇ ಮರಳಿ ಬಂತು, ಖಚಿತವಾಗಿ! ನಾಣ್ಯವನ್ನು ಎಷ್ಟು ಸಲ ಚಿಮ್ಮಿದರೂ ಅರ್ಧಕ್ಕರ್ಧವೇ. ಅಲ್ಲಿ ಸಂಭವಗಳು ಕೂಡಬಲ್ಲವೇ ಹೊರತು ಒಂದನ್ನೊಂದು ಅಳಿಸಲಾರವು. ಇಲ್ಲಿ ಅಳಿಸಿದ್ದು ಮೂಲೆಯಲ್ಲಿ ಕೂತ ಆ ಮೈನಸ್ ಒಂದು.

‘ಕ್ವಾಂಟಮ್ ಕಂಪ್ಯೂಟರ್ ಎಲ್ಲ ಉತ್ತರಗಳನ್ನೂ ಒಟ್ಟಿಗೇ ಪರೀಕ್ಷಿಸಿ ಸರಿಯಾದದ್ದನ್ನು ಕೊಡುತ್ತದೆ’ ಎಂದು ಬರೆಯುವವರು ಈ ಮೈನಸ್ಸನ್ನೇ ಮರೆಯುತ್ತಾರೆ. ಅಳೆದಾಗ ಸಿಗುವುದು ಒಂದೇ ಉತ್ತರ. ತಪ್ಪು ಉತ್ತರಗಳು ಪರಸ್ಪರ ಅಳಿಸಿಹೋಗಿ ಸರಿಯುತ್ತರ ಬಲಗೊಳ್ಳುವಂತೆ ಗೇಟುಗಳನ್ನು ಹೆಣೆಯುವುದೇ ಇಲ್ಲಿನ ಜಾಣ್ಮೆ. ದೊಡ್ಡ ಸಂಖ್ಯೆಗಳ ಅಪವರ್ತನಕ್ಕೆ ಗಣಿತಜ್ಞ ಪೀಟರ್ ಶೋರ್ 1994ರಲ್ಲಿ ಅಂಥ ದಾರಿ ಕಂಡುಕೊಟ್ಟರು. ಎಲ್ಲ ಲೆಕ್ಕಕ್ಕೂ ಅಂಥ ದಾರಿ ಇಲ್ಲ.

ನಡುವೆ ಅಳೆದರೆ ಈ ಅಳಿಸಾಟ ಕೆಡುತ್ತದೆ. ಹೊರಗಿನ ಶಾಖವೂ ಕೆಡಿಸುತ್ತದೆ. ಉಕ್ಕಿನ ಊರು ಭದ್ರಾವತಿಯ ಹುಡುಗಿಗೆ ಇದನ್ನು ಹೇಳಲೇಬೇಕು: ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು, ಅತಿವಾಹಕದಿಂದ (ಸೂಪರ್‌ಕಂಡಕ್ಟರ್) ಮಾಡಿದ ಕ್ಯೂಬಿಟ್‌ಗಳು ಕೆಲಸ ಮಾಡುವುದು ಪರಮಶೂನ್ಯಕ್ಕಿಂತ ಒಂದು ಡಿಗ್ರಿಯ ನೂರನೇ ಒಂದು ಭಾಗದಷ್ಟು ಮೇಲೆ, ಅಂದರೆ ಸುಮಾರು ಮೈನಸ್ 273 ಡಿಗ್ರಿಯಲ್ಲಿ. ಬೆಂಗಳೂರಿನ ಕ್ಯೂಪೈಎಐ ಕಂಪನಿ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಯಂತ್ರದಲ್ಲಿ ಇಂಥ 25 ಕ್ಯೂಬಿಟ್‌ಗಳಿವೆ. ಅವುಗಳ ಒಟ್ಟು ಸ್ಥಿತಿಯನ್ನು ಕಂಬಸಾಲಾಗಿ ಬರೆಯಹೊರಟರೆ 3,35,54,432 ಸಂಖ್ಯೆಗಳು ಬೇಕು. ಒಂದು ಕ್ಯೂಬಿಟ್ ಸೇರಿಸಿದರೆ ಅದು ಇಮ್ಮಡಿ!

ಗುಣಾಕಾರದ ಕ್ರಮ ಬದಲಿಸಿದರೆ ಉತ್ತರ ಬದಲಾಗಬಹುದೆಂದು ಪಿಯುಸಿಯವರಿಗೆಲ್ಲ ಗೊತ್ತು. 1925ರಲ್ಲಿ ಕ್ವಾಂಟಮ್ ಸಿದ್ಧಾಂತ ಕಟ್ಟುತ್ತಿದ್ದ ಭೌತವಿಜ್ಞಾನಿ ಹೈಸನ್‌ಬರ್ಗ್‌ಗೆ ತಮ್ಮ ಲೆಕ್ಕದಲ್ಲಿ ಇದೇ ಕಂಡು ಕಸಿವಿಸಿಯಾಯಿತು. ಅವರಿಗೆ ಮಾತೃಕೆಗಳ ಪರಿಚಯವಿರಲಿಲ್ಲ. ಆ ಲೆಕ್ಕದಲ್ಲಿ ಗುಣಿಸುತ್ತಿದ್ದುದು ಮಾತೃಕೆಗಳನ್ನೇ ಎಂದು ಗುರುತಿಸಿದವರು ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. ನೀನೂ ಮಾಡಿ ನೋಡಮ್ಮ. ಸೊನ್ನೆ–ಒಂದನ್ನು ಅದಲುಬದಲು ಮಾಡುವ ನಾಟ್ ಗೇಟಿನ ಸಾಲುಗಳು 0, 1 ಮತ್ತು 1, 0. ಸೊನ್ನೆಯನ್ನು ಮೊದಲು ನಾಟ್, ಆಮೇಲೆ ಹಡಮಾರ್ಡ್ ಮೂಲಕ ಕಳಿಸು. ಇನ್ನೊಂದು ಸಲ ಕ್ರಮ ತಿರುಗಿಸು. ಎರಡು ಉತ್ತರಗಳಿಗೂ ಒಂದು ಮೈನಸ್ಸಿನ ವ್ಯತ್ಯಾಸ ಮಾತ್ರ. ಕೂಡಲೇ ಅಳೆದರೆ ಎರಡೂ ಅರ್ಧಕ್ಕರ್ಧ. ಅಳೆಯುವ ಮೊದಲು ಇನ್ನೊಂದು ಹಡಮಾರ್ಡ್ ಹಾಯಿಸಿದರೆ ಮೊದಲನೆಯದು ಖಚಿತವಾಗಿ ಒಂದು, ಎರಡನೆಯದು ಖಚಿತವಾಗಿ ಸೊನ್ನೆ.