ಬೀಗ, ಗುರಾಣಿ ಮತ್ತು ನೆತ್ತರು ಜಿನುಗುವ ಹೃದಯ

ಸೈಬರ್ ಸುರಕ್ಷತೆಯ ಕಂಪನಿಗಳ ಲೋಗೊ ಎಂದರೆ ಬೀಗ ಇಲ್ಲವೇ ಗುರಾಣಿಯೇ ಯಾಕೆ ಎಂದು ಓದುಗರೊಬ್ಬರು ಕೇಳಿದ್ದಾರೆ. ಈ ಕಂಪನಿಗಳು ಮಾರುವ ಸರಕು ಕಣ್ಣಿಗೆ ಕಾಣುವಂಥದ್ದಲ್ಲ. ಕೆಲಸ ಚೆನ್ನಾಗಿ ನಡೆದ ದಿನ ಏನೂ ಸಂಭವಿಸುವುದಿಲ್ಲ, ಸಂಭವಿಸದೇ ಇದ್ದದ್ದನ್ನು ಬರೆದು ತೋರಿಸುವುದು ಕಷ್ಟ. ಹಾಗಾಗಿ ವಿನ್ಯಾಸಕಾರರ ಕೈ ಬೀಗದ ಕಡೆಗೇ ಹೋಗುತ್ತದೆ. ಅದು ಅಪಾಯದ ಆಯ್ಕೆ ಎನ್ನುವುದಕ್ಕೆ ಬ್ರೌಸರಿನ ಬೀಗವೇ ಸಾಕ್ಷಿ.

1990ರ ದಶಕದ ನೆಟ್‌ಸ್ಕೇಪ್ ಬ್ರೌಸರಿನ ಮೂಲೆಯಲ್ಲಿ ಮೊದಲು ಇದ್ದದ್ದು ಕೀಲಿಕೈ. ಸಂಪರ್ಕ ಎನ್‌ಕ್ರಿಪ್ಟ್ ಆಗಿದ್ದರೆ ಇಡಿಯ ಕೀಲಿಕೈ, ಇಲ್ಲವಾದರೆ ಮುರಿದದ್ದು. ಬೀಗ ಆಮೇಲೆ ಬಂತು. ಎರಡೂ ಹೇಳುತ್ತಿದ್ದ ಸಂಗತಿ ಒಂದೇ: ನಿಮಗೂ ಆಚೆಯ ಸರ್ವರ್‌ಗೂ ನಡುವಿನ ಮಾತನ್ನು ದಾರಿಯಲ್ಲಿ ಯಾರೂ ಓದಲಾರರು. ಗೋಂದು ಹಚ್ಚಿ ಮುಚ್ಚಿದ ಲಕೋಟೆ ಪತ್ರವನ್ನು ಕಾಪಾಡುತ್ತದೆ, ಅದನ್ನು ಪಡೆಯುವವನು ಸಾಚಾನೋ ಮೋಸಗಾರನೋ ಎಂಬುದನ್ನು ಹೇಳಲಾರದು. ಜನ ಮಾತ್ರ ಬೀಗ ಕಂಡೊಡನೆ ಜಾಲತಾಣವನ್ನೇ ನಂಬಿದರು. ಬೀಗ ತೋರಿಸಲು ತಾಣಕ್ಕೆ ಬೇಕಾದ ಪ್ರಮಾಣಪತ್ರಗಳು ಉಚಿತವಾಗಿ ಸಿಗತೊಡಗಿದಾಗ ನಕಲಿ ಬ್ಯಾಂಕ್ ತಾಣಗಳೂ ಬೀಗ ತಗಲಿಸಿಕೊಂಡವು. ಗೂಗಲ್ 2021ರಲ್ಲಿ ನಡೆಸಿದ ಅಧ್ಯಯನದಲ್ಲಿ ಬೀಗದ ಅರ್ಥವನ್ನು ಸರಿಯಾಗಿ ತಿಳಿದಿದ್ದವರು ಶೇ. 11 ಮಂದಿ ಮಾತ್ರ. 2023ರಲ್ಲಿ ಕ್ರೋಮ್ ಆ ಬೀಗವನ್ನೇ ಕೈಬಿಟ್ಟಿತು.

ಈ ಕ್ಷೇತ್ರದಲ್ಲಿ ನಾನು ಕಂಡ ಅತ್ಯುತ್ತಮ ಲೋಗೊ ಕಂಪನಿಯದ್ದಲ್ಲ, ಒಂದು ದೋಷದ್ದು. 2014ರ ಏಪ್ರಿಲ್‌ನಲ್ಲಿ ಬಯಲಾದ ಆ ದೋಷ ಇದ್ದದ್ದು ಸಂಪರ್ಕವನ್ನು ಎನ್‌ಕ್ರಿಪ್ಟ್ ಮಾಡುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ. ಗೂಗಲ್‌ನ ನೀಲ್ ಮೆಹ್ತಾ ಮತ್ತು ಫಿನ್ಲೆಂಡಿನ ಕೋಡೆನೊಮಿಕಾನ್ ಕಂಪನಿಯ ಎಂಜಿನಿಯರುಗಳು ಬೇರೆ ಬೇರೆಯಾಗಿಯೇ ಅದನ್ನು ಪತ್ತೆಹಚ್ಚಿದ್ದರು. ಸಂಪರ್ಕ ಇನ್ನೂ ಜೀವಂತವಾಗಿದೆಯೇ ಎಂದು ನೋಡಲು ಕಂಪ್ಯೂಟರುಗಳು ‘ಹಾರ್ಟ್‌ಬೀಟ್’ ಎಂಬ ಸಂದೇಶ ಕಳಿಸುತ್ತವೆ. ಒಂದು ಬದಿ ಪುಟ್ಟ ಪದವನ್ನೂ ಅದರ ಉದ್ದವನ್ನೂ ಕಳಿಸುತ್ತದೆ, ಇನ್ನೊಂದು ಬದಿ ಅಷ್ಟನ್ನೇ ಹಿಂದಿರುಗಿಸಬೇಕು. ದೋಷವಿದ್ದ ಸರ್ವರ್ ಆ ಉದ್ದ ನಿಜವೇ ಎಂದು ನೋಡುತ್ತಲೇ ಇರಲಿಲ್ಲ. ನಾಲ್ಕಕ್ಷರ ಕಳಿಸಿ ಉದ್ದ 64 ಕಿಲೋಬೈಟ್ ಎಂದು ಸುಳ್ಳು ಹೇಳಿದರೆ, ಉಳಿದದ್ದನ್ನು ತನ್ನ ಮೆಮೊರಿಯಿಂದಲೇ ತುಂಬಿ ಕೊಡುತ್ತಿತ್ತು. ಅಲ್ಲಿ ಪಾಸ್‌ವರ್ಡ್ ಇದ್ದರೆ ಅದೂ ಹೋಯಿತು, ಗುಪ್ತಕೀಲಿ ಇದ್ದರೆ ಅದೂ ಹೋಯಿತು.

ದೋಷದ ಅಧಿಕೃತ ಗುರುತು ಸಿವಿಇ-2014-0160. ಆ ಅಂಕಿಗಳಿಂದ ಯಾವ ಪತ್ರಿಕೆಯ ಮುಖಪುಟವೂ ಎಚ್ಚರಗೊಳ್ಳುತ್ತಿರಲಿಲ್ಲ. ಕೋಡೆನೊಮಿಕಾನ್‌ನ ಒಸ್ಸಿ ಹೆರಾಲಾ ‘ಹಾರ್ಟ್‌ಬ್ಲೀಡ್’ ಎಂದು ಹೆಸರಿಟ್ಟರು, ಕಂಪನಿಯ ವಿನ್ಯಾಸಗಾರ್ತಿ ನೆತ್ತರು ಜಿನುಗುವ ಕೆಂಪು ಹೃದಯ ಬಿಡಿಸಿದರು. ಯಾರು ಬೇಕಾದರೂ ಬಳಸಲಿ ಎಂದು ಹಕ್ಕನ್ನೂ ಬಿಟ್ಟುಕೊಟ್ಟರು. ಸುದ್ದಿ ಹೋದಲ್ಲೆಲ್ಲ ಚಿತ್ರವೂ ಹೋಯಿತು.

ಆಮೇಲೆ ಸಣ್ಣಪುಟ್ಟ ದೋಷಗಳಿಗೂ ಲೋಗೊ ಅಂಟಿಸುವ ಚಾಳಿ ಶುರುವಾಯಿತು, ಅದರಲ್ಲಿ ಬಹುಪಾಲು ಬರೀ ಅಬ್ಬರ. ಆದರೆ 2018ರ ‘ಸ್ಪೆಕ್ಟರ್’ ದೋಷದ ಲೋಗೊ ನೋಡಿ: ಒಂದು ಭೂತ, ಅದರ ಕೈಯಲ್ಲೊಂದು ಮರದ ಕೊಂಬೆ. ಪ್ರೊಸೆಸರ್ ಮುಂದೆ ಯಾವ ಕವಲು ಹಿಡಿಯಬೇಕೆಂದು ಮೊದಲೇ ಊಹಿಸಿ ಓಡುತ್ತದೆ, ದೋಷ ಅಡಗಿರುವುದು ಆ ಊಹೆಯಲ್ಲಿ. ಹೃದಯದಂತೆ ಈ ಕೊಂಬೆಯೂ ಒಳಗೆ ನಡೆಯುವುದನ್ನೇ ತೋರಿಸುತ್ತದೆ. ಲೋಗೊ ಬರೆಸಲು ಹೊರಟ ಕಂಪನಿ ತನ್ನ ವಿನ್ಯಾಸಕಾರರನ್ನು ಮೊದಲು ಕೂರಿಸಬೇಕಾದದ್ದು ತನ್ನ ಎಂಜಿನಿಯರುಗಳ ಪಕ್ಕದಲ್ಲಿ.