ಕುದುರೆ ಮೆಂತೆ: ಗಿಡ ತಿಳಿದು ಕುಡುಗೋಲು ಹಾಕಿರಿ



ಕಲ್ಲೋಳಿ ಭಾಗದ ನೀರಾವರಿ ಜಮೀನುಗಳಲ್ಲಿ ಕಬ್ಬು ಹೆಚ್ಚು. ಆದ್ದರಿಂದ ದನಗಳಿಗೆ ಹಸಿ ಮೇವೆಂದರೆ ಕಬ್ಬಿನ ಸೋಗೆ, ಒಣ ಮೇವೆಂದರೆ ಜೋಳದ ಕಣಿಕೆ. ಇವೆರಡರಲ್ಲೂ ಸಸಾರಜನಕ ಕಡಿಮೆ. ಸೋಗೆಯಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಹಿಡಿದಿಟ್ಟು ದನಕ್ಕೆ ದಕ್ಕದಂತೆ ಮಾಡುತ್ತದೆ. ಈ ಎರಡೂ ಕೊರತೆಗಳನ್ನು ತುಂಬುವ ಮೇವು ಕುದುರೆ ಮೆಂತೆ, ಅಂದರೆ ಲೂಸರ್ನ್. ಒಮ್ಮೆ ಬಿತ್ತಿದರೆ ಮೂರು-ನಾಲ್ಕು ವರ್ಷ ನಿಲ್ಲಬೇಕಾದ ಈ ಬೆಳೆ ಒಂದೇ ವರ್ಷದಲ್ಲಿ ವಿರಳವಾಗುವುದುಂಟು. ಎಷ್ಟೋ ಸಲ ತಪ್ಪು ಬೀಜದ್ದಲ್ಲ, ಕುಡುಗೋಲಿನದು. ಗಿಡದ ರಚನೆ ತಿಳಿದರೆ ಇದು ಅರ್ಥವಾಗುತ್ತದೆ.

ಗುರುತು: ಇದು ಅವರೆಯ ಕುಟುಂಬದ ಮೆಡಿಕಾಗೊ ಕುಲಕ್ಕೆ ಸೇರಿದೆ. ಇರಾನಿನ ಹಳೆಯ ಮೀಡಿಯಾ ಪ್ರಾಂತದಿಂದ ಗ್ರೀಕರಿಗೆ ಬಂದದ್ದರಿಂದ ಈ ಹೆಸರು. ಕುಲದ ಹೆಚ್ಚಿನ ಜಾತಿಗಳು ಏಕವಾರ್ಷಿಕ. ನಾವು ಬೆಳೆಯುವ ಮೆಡಿಕಾಗೊ ಸಟೈವ ಬಹುವಾರ್ಷಿಕ. ಅಡುಗೆಯ ಮೆಂತೆ ಇದರ ಹತ್ತಿರದ ನೆಂಟ. ಎರಡಕ್ಕೂ ಮೂರು ಎಲೆಗಳ ಗೊಂಚಲು. ಆದರೆ ಮೆಂತೆಯ ಹೂವು ಬಿಳಿ-ಹಳದಿ, ಕಾಯಿ ಉದ್ದ. ಕುದುರೆ ಮೆಂತೆಯ ಹೂಗೊಂಚಲು ನೇರಳೆ, ಕಾಯಿ ಸುರುಳಿ ಸುತ್ತಿದಂತಿರುತ್ತದೆ. ಬೀಜ ಕಟ್ಟಲು ಜೇನ್ನೊಣ ಹೂವನ್ನು ಬಿಡಿಸಬೇಕು. ಬೀಜಕ್ಕೆ ಬಿಟ್ಟ ಮಡಿಗೆ ಹೂವಿನ ಕಾಲದಲ್ಲಿ ಕೀಟನಾಶಕ ಸಿಂಪಡಿಸಬಾರದು.

ಬೇರು ಮತ್ತು ಬುಡ: ತಾಯಿಬೇರು ನೀರು ಬಸಿಯುವ ಮಣ್ಣಿನಲ್ಲಿ ಹಲವು ಅಡಿ ಆಳಕ್ಕಿಳಿಯುತ್ತದೆ, ಕರಿ ಮಣ್ಣಿನಲ್ಲಿ ನೀರು ನಿಂತರೆ ಕೊಳೆಯುತ್ತದೆ. ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಅಣುಜೀವಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಹೊಸ ಹೊಲದಲ್ಲಿ ಈ ಬೆಳೆಗೆಂದೇ ಇರುವ ರೈಜೋಬಿಯಂನಿಂದ ಬೀಜೋಪಚಾರ ಮಾಡಬೇಕು. ನೆಲಮಟ್ಟದ ಬುಡಗಂಟಿನಲ್ಲಿ ಮೊಗ್ಗುಗಳಿರುತ್ತವೆ. ಕೊಯ್ದ ಮೇಲೆ ಇವು ಬೇರಿನಲ್ಲಿ ಕೂಡಿಟ್ಟ ಆಹಾರವನ್ನುಂಡು ಚಿಗುರುತ್ತವೆ. ಆ ಆಹಾರ ಮತ್ತೆ ತುಂಬುವ ಮೊದಲೇ ಪದೇಪದೇ ಕೊಯ್ದರೆ ಬೇರು ಬರಿದಾಗಿ ಗಿಡ ಸಾಯುತ್ತದೆ.

ಕೊಯ್ಲು: ಬಿತ್ತಿದ 55-60 ದಿನಗಳಿಗೆ ಮೊದಲ ಕೊಯ್ಲು. ಮುಂದೆ 25-30 ದಿನಗಳಿಗೊಮ್ಮೆ, ಹತ್ತರಲ್ಲಿ ಒಂದು ಗಿಡ ಹೂ ಬಿಟ್ಟಾಗ ಕೊಯ್ಯಿರಿ. ಹೂ ಕಾಣದ ದಿನಗಳಲ್ಲಿ ಬುಡದಿಂದ ಹೊಸ ಚಿಗುರು ಏಳುವುದನ್ನು ನೋಡಿಕೊಳ್ಳಿರಿ. ನೆಲದಿಂದ ಮೂರು ಬೆರಳು ಬಿಟ್ಟು ಕೊಯ್ದರೆ ಬುಡಗಂಟಿಗೆ ಪೆಟ್ಟಾಗುವುದಿಲ್ಲ.

ಎಚ್ಚರಿಕೆ: ಎಳೆಯ, ಹಸಿಯ ಕುದುರೆ ಮೆಂತೆಯನ್ನು ಹಸಿದ ದನಕ್ಕೆ ಹಾಕಿದರೆ ಹೊಟ್ಟೆಯಲ್ಲಿ ನೊರೆ ಕಟ್ಟಿ ಗಾಳಿ ಹೊರಬಾರದೆ ಎಡಪಕ್ಕೆ ಉಬ್ಬುತ್ತದೆ. ತಡವಾದರೆ ಕೆಲವೇ ತಾಸಿನಲ್ಲಿ ದನ ಸಾಯಬಹುದು. ಕೂಡಲೇ ಪಶುವೈದ್ಯರನ್ನು ಕರೆಯಿರಿ. ಮೊದಲು ಕಣಿಕೆ ತಿನ್ನಿಸಿ, ಬಾಡಿಸಿದ ಸೊಪ್ಪನ್ನು ಒಣ ಮೇವಿನೊಡನೆ ಬೆರೆಸಿ, ಸ್ವಲ್ಪಸ್ವಲ್ಪವಾಗಿ ರೂಢಿ ಮಾಡಿಸಿರಿ.

ಹೂವು ನೋಡಿ ಕೊಯ್ಯಿರಿ, ಬಾಡಿಸಿ ಹಾಕಿರಿ. ಹೊಲದಲ್ಲಿ ಬೆಳೆ ಉಳಿಯುತ್ತದೆ, ಕೊಟ್ಟಿಗೆಯಲ್ಲಿ ಆಕಳು ಉಳಿಯುತ್ತದೆ.